ದತ್ತಕ ನಿರಾಕರಣೆಯಿಂದ ಗಲ್ಲಿನವರೆಗೆ: ನರಗುಂದದ ಬಾಬಾಸಾಹೇಬ

ನರಗುಂದದ ಸಂಸ್ಥಾನಿಕ ಭಾಸ್ಕರರಾವ್ ಭಾವೆ ಬಾಬಾಸಾಹೇಬರೆಂದೇ ಪ್ರಸಿದ್ಧರು. ಅವರ ಕಾಲದಲ್ಲಿ ಕಂಪನಿ ಸರ್ಕಾರದ ಇನಾಂ ಕಮಿಷನ್, 1852ರ ಕಾಯ್ದೆಯ ಬಲದಿಂದ ಇನಾಂದಾರರ ಹಕ್ಕುಪತ್ರಗಳನ್ನು ತಪಾಸಣೆಗೆ ಒಳಪಡಿಸಿತು. ಇಂದಿನ ಹಾನಗಲ್ಲ, ಶಿಗ್ಗಾಂವಿ, ಹಿರೇಕೆರೂರು ತಾಲೂಕುಗಳನ್ನೂ ಒಳಗೊಂಡಿದ್ದ ಅಂದಿನ ಧಾರವಾಡ ಜಿಲ್ಲೆಯಲ್ಲಿ ಸನದು ತೋರಿಸಲಾಗದ ಅನೇಕರು ಇನಾಂ ಕಳೆದುಕೊಂಡರು.

ಮಕ್ಕಳಿಲ್ಲದ ಬಾಬಾಸಾಹೇಬರು ದತ್ತಕಕ್ಕೆ ಅನುಮತಿ ಕೋರಿದಾಗ ಸರ್ಕಾರ ನಿರಾಕರಿಸಿತು. ಇದೇ ಕಮಿಷನ್ನಿನಲ್ಲಿ ಅಧಿಕಾರಿಯಾಗಿದ್ದ ಮ್ಯಾನ್ಸನ್‌ನನ್ನು 1858ರಲ್ಲಿ ಪೊಲಿಟಿಕಲ್ ಏಜೆಂಟನಾಗಿ ನೇಮಿಸಲಾಯಿತು. ಆ ವರ್ಷದ ಮೇ 29ರ ರಾತ್ರಿ ಸುರೇಬಾನದಲ್ಲಿ ಬಾಬಾಸಾಹೇಬರ ಪಡೆ ಆತನನ್ನು ಕೊಂದಿತು. ಕೆಲವೇ ದಿನಗಳಲ್ಲಿ ನರಗುಂದದ ಕೋಟೆ ಬ್ರಿಟಿಷರ ವಶವಾಯಿತು. ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬರನ್ನು ಗಲ್ಲಿಗೇರಿಸಲಾಯಿತು.

ಅವರಿಗೆ ನಿರಾಕರಿಸಿದ್ದ ದತ್ತಕದ ಹಕ್ಕನ್ನು ಬ್ರಿಟಿಷ್ ಸರ್ಕಾರ ನಾಲ್ಕೇ ವರ್ಷಗಳ ನಂತರ, 1862ರಲ್ಲಿ, ಅನೇಕ ದೇಶೀಯ ಅರಸರಿಗೆ ಸನದುಗಳ ಮೂಲಕ ನೀಡಿತು.