ಆರೋಪವಿಲ್ಲದೆ ಎಂಟು ತಿಂಗಳು

1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟ್‌ನ ಐವರು ನ್ಯಾಯಮೂರ್ತಿಗಳ ಪೀಠ ಜಬಲ್ಪುರ ಪ್ರಕರಣದ ತೀರ್ಪು ನೀಡಿತು. ತುರ್ತು ಪರಿಸ್ಥಿತಿ ಜಾರಿಯಲ್ಲಿರುವಷ್ಟು ಕಾಲ, ಸೆರೆಗೆ ಒಳಗಾದವನು ತನ್ನ ಬಂಧನ ಕಾನೂನುಬದ್ಧವೇ ಎಂದು ಕೇಳಲು ನ್ಯಾಯಾಲಯದ ಬಾಗಿಲು ತಟ್ಟುವಂತಿಲ್ಲ ಎಂಬುದು ನಾಲ್ವರ ಬಹುಮತದ ನಿಲುವು. ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಕರ್ನಾಟಕವೂ ಸೇರಿದಂತೆ ಒಂಬತ್ತು ಹೈಕೋರ್ಟ್‌ಗಳು ಅದುವರೆಗೆ ಎತ್ತಿಹಿಡಿದಿದ್ದ ಹಕ್ಕು ಅಂದು ಇಲ್ಲವಾಯಿತು. ಅದಾದ ನಾಲ್ಕನೆಯ ದಿನ, ಮೇ 2ರಂದು, ಸ್ನೇಹಲತಾ ರೆಡ್ಡಿಯವರ ಬಂಧನವಾಯಿತು.

ತೀರ್ಪಿಗೂ ಈ ಬಂಧನಕ್ಕೂ ನೇರ ಸಂಬಂಧವೇನೂ ಇಲ್ಲ. ಆದರೆ ಮುಂದಿನ ಎಂಟು ತಿಂಗಳು ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ನಡೆದದ್ದು ಆ ತೀರ್ಪಿನ ಅರ್ಥವೇನೆಂಬುದನ್ನು ಯಾವ ಕಾನೂನು ಭಾಷ್ಯಕ್ಕಿಂತಲೂ ಚೆನ್ನಾಗಿ ವಿವರಿಸುತ್ತದೆ.

ಸ್ನೇಹಲತಾ ಹುಟ್ಟಿದ್ದು 1932ರಲ್ಲಿ, ಆಂಧ್ರದ ಕ್ರೈಸ್ತ ಕುಟುಂಬವೊಂದರಲ್ಲಿ. ವಸಾಹತು ಆಳ್ವಿಕೆಯನ್ನು ಎಳೆಯ ವಯಸ್ಸಿನಿಂದಲೇ ವಿರೋಧಿಸಿದ ಅವರು ಭಾರತೀಯ ಹೆಸರನ್ನೂ ಭಾರತೀಯ ಉಡುಪನ್ನೂ ತಾವಾಗಿಯೇ ಆರಿಸಿಕೊಂಡವರು. ಮದರಾಸಿನ ಇಂಗ್ಲಿಷ್ ರಂಗಭೂಮಿಯಲ್ಲಿ ಹೆಸರು ಮಾಡಿದ ಮದರಾಸ್ ಪ್ಲೇಯರ್ಸ್ ತಂಡದ ಸ್ಥಾಪಕರಲ್ಲಿ ಅವರೂ ಒಬ್ಬರು. ಪತಿ ಪಟ್ಟಾಭಿರಾಮ ರೆಡ್ಡಿ ನೆಲ್ಲೂರಿನವರು, ತೆಲುಗಿನ ನವ್ಯ ಕವಿ. ದಂಪತಿಗಳಿಬ್ಬರೂ ರಾಮಮನೋಹರ ಲೋಹಿಯಾ ಅವರ ಚಿಂತನೆಗೆ ಒಲಿದಿದ್ದರು. ಬೆಂಗಳೂರಿನಲ್ಲಿ ಅವರು ನೆಲೆಸಿದಾಗ ಆ ಮನೆ ಸಾಹಿತಿಗಳು, ಕಲಾವಿದರು, ಸಮಾಜವಾದಿ ಕಾರ್ಯಕರ್ತರು ಕೂಡುವ ತಾಣವಾಯಿತು.

ಕನ್ನಡಿಗರಿಗೆ ಸ್ನೇಹಲತಾ ಅಂದರೆ ಚಂದ್ರಿ. ಯು.ಆರ್. ಅನಂತಮೂರ್ತಿಯವರ 'ಸಂಸ್ಕಾರ' ಕಾದಂಬರಿಯನ್ನು ಪಟ್ಟಾಭಿಯವರು 1970ರಲ್ಲಿ ತೆರೆಗೆ ತಂದಾಗ ಪ್ರಾಣೇಶಾಚಾರ್ಯರಾಗಿ ಗಿರೀಶ ಕಾರ್ನಾಡ, ನಾರಣಪ್ಪನಾಗಿ ಪಿ. ಲಂಕೇಶ್ ನಟಿಸಿದರು. ಮಾತು ಕಡಿಮೆಯಿದ್ದ ಚಂದ್ರಿಯ ಪಾತ್ರದಲ್ಲಿ ಸ್ನೇಹಲತಾ ತಮ್ಮ ಮುಖದಿಂದಲೇ ಮಾತಾಡಿದರು. ಸೆನ್ಸಾರ್ ಮಂಡಳಿ ಮೊದಲು ಈ ಚಿತ್ರದ ಪ್ರದರ್ಶನಕ್ಕೆ ಅವಕಾಶ ಕೊಡಲಿಲ್ಲ. ಕೇಂದ್ರ ಸರ್ಕಾರ ಮಧ್ಯೆ ಪ್ರವೇಶಿಸಿದ ಬಳಿಕವೇ ಅದು ತೆರೆಕಂಡಿತು, ಕನ್ನಡಕ್ಕೆ ಮೊದಲ ಸ್ವರ್ಣಕಮಲವನ್ನೂ ತಂದಿತು. ಅಂದು ಪ್ರಧಾನಿಯಾಗಿದ್ದವರು ಇಂದಿರಾ ಗಾಂಧಿ. ಚಿತ್ರವನ್ನು ಬಿಡುಗಡೆಗೊಳಿಸಿದ ಆಳ್ವಿಕೆಯೇ ಆರು ವರ್ಷಗಳ ನಂತರ ಅದರ ನಟಿಯನ್ನು ಸೆರೆಗೆ ದೂಡಿತು.

1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಘೋಷಣೆಯಾದಾಗ ಸಮಾಜವಾದಿ ನಾಯಕ ಜಾರ್ಜ್ ಫರ್ನಾಂಡಿಸ್ ಪೊಲೀಸರಿಗೆ ಸಿಗದೆ ಭೂಗತರಾದರು. ಅವರಿಗೂ ರೆಡ್ಡಿ ಕುಟುಂಬಕ್ಕೂ ಗೆಳೆತನವಿತ್ತು. ಜಾರ್ಜ್ ಎಲ್ಲಿದ್ದಾರೆಂದು ತಿಳಿಯಲು ಸರ್ಕಾರ ಹಿಡಿದ ದಾರಿ ಅವರ ಸುತ್ತಲಿನವರನ್ನು ಹಿಡಿಯುವುದು. ತಮ್ಮ ಲಾರೆನ್ಸ್ ಅವರನ್ನು ಬೆಂಗಳೂರಿನಲ್ಲಿ ಮೇ 1ರಂದು ಹಿಡಿದು ಅಮಾನುಷ ಚಿತ್ರಹಿಂಸೆಗೆ ಗುರಿಪಡಿಸಿದರು. ಮರುದಿನ ಸ್ನೇಹಲತಾ ಅವರ ಸರದಿ. ಜೂನ್ 10ರಂದು ಕಲ್ಕತ್ತೆಯಲ್ಲಿ ಜಾರ್ಜ್ ಸಿಕ್ಕಿಬಿದ್ದರು. ಹುಡುಕುತ್ತಿದ್ದ ಮನುಷ್ಯನೇ ಕೈಗೆ ಸಿಕ್ಕ ಮೇಲೂ ಸ್ನೇಹಲತಾ ಅವರ ಬಿಡುಗಡೆಯಾಗಲಿಲ್ಲ.

ಇಲ್ಲಿ ಒಂದು ಮಾತನ್ನು ನೇರವಾಗಿ ಹೇಳಿಬಿಡಬೇಕು. ಸ್ನೇಹಲತಾ ಅವರನ್ನು ನೆನೆಯುವ ಬಹುಪಾಲು ಬರಹಗಳು ಅವರನ್ನು ಏನೂ ಅರಿಯದ ಮುಗ್ಧ ಕಲಾವಿದೆಯೆಂದು ಚಿತ್ರಿಸುತ್ತವೆ. ಅದು ಅವರಿಗೆ ಸಲ್ಲುವ ಗೌರವವಲ್ಲ. ಅವರು ಸರ್ವಾಧಿಕಾರವನ್ನು ತಿಳಿದೂ ತಿಳಿದೂ ವಿರೋಧಿಸಿದವರು. ಭೂಗತ ಚಳವಳಿಯ ಬಗ್ಗೆ ಅವರಿಗೆ ಸಹಾನುಭೂತಿಯಿತ್ತು. ಆ ಚಳವಳಿಯ ಒಂದು ಭಾಗ ಸಿಡಿಮದ್ದಿನ ದಾರಿ ಹಿಡಿದದ್ದು ಸರಿಯೇ ಎಂಬ ಪ್ರಶ್ನೆಗೆ ಇಂದಿಗೂ ಎಲ್ಲರೂ ಒಪ್ಪುವ ಉತ್ತರವಿಲ್ಲ. ಆದರೆ ನಾಗರಿಕ ಹಕ್ಕಿನ ಪ್ರಶ್ನೆ ಹುಟ್ಟುವುದೇ ಅಲ್ಲಿ. ಆಕೆ ತಪ್ಪು ಮಾಡಿದ್ದರೆ ತಪ್ಪು ಯಾವುದೆಂದು ಹೇಳಿ, ಪುರಾವೆ ಮುಂದಿಟ್ಟು, ನ್ಯಾಯಾಧೀಶರ ಎದುರು ಸಾಬೀತು ಮಾಡಬೇಕಿತ್ತು. ಅಷ್ಟನ್ನು ಕೇಳಲು ಆರೋಪಿ ಮುಗ್ಧನಾಗಿರಬೇಕಿಲ್ಲ.

ಸರ್ಕಾರ ಆ ಕೆಲಸಕ್ಕೆ ಕೈಹಾಕಿ ಸೋತಿತು. ಮೊದಲಿಗೆ ಹೊರಿಸಿದ್ದು ದಂಡಸಂಹಿತೆಯಡಿ ಒಳಸಂಚಿನ ಆರೋಪ, ಅದು ಬಿದ್ದುಹೋಯಿತು. ಸೆಪ್ಟೆಂಬರಿನಲ್ಲಿ ಬರೋಡಾ ಡೈನಮೈಟ್ ಪ್ರಕರಣದ ಆರೋಪಪಟ್ಟಿ ಸಲ್ಲಿಕೆಯಾದಾಗ ಅದರಲ್ಲಿ ಜಾರ್ಜ್ ಮತ್ತು ಇತರ 24 ಮಂದಿಯ ಹೆಸರಿತ್ತು, ಸ್ನೇಹಲತಾ ಅವರದಿರಲಿಲ್ಲ. ಆದರೂ ಅವರು ಒಳಗೇ ಉಳಿದದ್ದು 'ಮೀಸಾ' ಎಂದು ಜನ ಕರೆಯುತ್ತಿದ್ದ ಆಂತರಿಕ ಭದ್ರತಾ ಕಾಯ್ದೆಯಿಂದ. 1971ರ ಈ ಕಾಯ್ದೆಗೆ ತುರ್ತು ಪರಿಸ್ಥಿತಿಯಲ್ಲಿ ತಂದ ತಿದ್ದುಪಡಿಯ ಪ್ರಕಾರ ಬಂಧನದ ಕಾರಣವನ್ನು ಬಂಧಿತರಿಗೆ ತಿಳಿಸಬೇಕಾಗಿಯೂ ಇರಲಿಲ್ಲ. ಷಾ ಆಯೋಗದ ಲೆಕ್ಕದಂತೆ ದೇಶದಲ್ಲಿ ಹೀಗೆ ಮೀಸಾದಡಿ ಸೆರೆಯಾದವರು ಸುಮಾರು 35 ಸಾವಿರ ಮಂದಿ. ಮೇಲಿನ ಅಧಿಕಾರಿಯೊಬ್ಬನ ಮನಸ್ಸಿಗೆ ತೃಪ್ತಿಯಾದರೆ ಸಾಕಿತ್ತು. ಆ ತೃಪ್ತಿಗೆ ಆಧಾರವೇನೆಂದು ಕೇಳುವ ಹಕ್ಕನ್ನು ಜಬಲ್ಪುರ ತೀರ್ಪು ಕಸಿದಿತ್ತು.

ಜೈಲಿನಲ್ಲಿ ಅವರಿಗೆ ದೊರೆತದ್ದು ಒಬ್ಬರೇ ಇರುವ ಇಕ್ಕಟ್ಟಿನ ಕೊಠಡಿ. ಮಲಗುವುದು ನೆಲದ ಮೇಲೆ, ಶೌಚಕ್ಕೆ ಮೂಲೆಯಲ್ಲೊಂದು ಕುಳಿ. ಬಹುಕಾಲದಿಂದ ಉಬ್ಬಸವಿದ್ದ ದೇಹಕ್ಕೆ ಆ ಜಾಗ ಏನು ಮಾಡೀತೆಂದು ಊಹಿಸಲು ವೈದ್ಯಶಾಸ್ತ್ರ ಬೇಕಿಲ್ಲ. ರೋಗ ಕೆರಳಿದ ರಾತ್ರಿಗಳಲ್ಲಿ ಅವರ ಕೂಗು ತಮ್ಮ ಕೊಠಡಿಯವರೆಗೂ ಕೇಳುತ್ತಿತ್ತೆಂದು ಅದೇ ಸೆರೆಮನೆಯಲ್ಲಿದ್ದ ಮಧು ದಂಡವತೆ ಮುಂದೆ ಬರೆದಿದ್ದಾರೆ. ದಂಡವತೆ, ವಾಜಪೇಯಿ, ಆಡ್ವಾಣಿ ಸಂಸದೀಯ ಸಮಿತಿಯ ಸಭೆಗೆಂದು ಬೆಂಗಳೂರಿಗೆ ಬಂದಿದ್ದಾಗ ಸೆರೆಯಾದವರು. ಅವರದು ರಾಜಕೀಯ ಕೈದಿಗಳ ಗುಂಪು. ಓದಿಗೆ, ಚರ್ಚೆಗೆ, ಆಟಕ್ಕೆ ಜೊತೆಯಿತ್ತು. ಸ್ನೇಹಲತಾ ಅವರಿಗೆ ಆ ಸವಲತ್ತೂ ಇರಲಿಲ್ಲ. ಅವರ ಸುತ್ತ ಇದ್ದವರು ಯಾವ ಪತ್ರಿಕೆಯೂ ಹೆಸರು ಬರೆಯದ ಬಡ ಹೆಂಗಸರು.

ಅವರ ಬದುಕಿನ ದೊಡ್ಡ ಭಾಗ ಇದೇ ಎಂದು ನನಗನ್ನಿಸುತ್ತದೆ. ಒಳಬರುವ ಹೆಂಗಸರನ್ನು ಬೆತ್ತಲೆ ಮಾಡಿ ತಪಾಸಣೆ ನಡೆಸುವುದನ್ನು ಅವರು ವಿರೋಧಿಸಿದರು. ಹೆಣ್ಣು ಕೈದಿಗಳಿಗೆ ಬೀಳುತ್ತಿದ್ದ ಹೊಡೆತದ ವಿರುದ್ಧ ಅಧಿಕಾರಿಗಳೊಡನೆ ಜಗಳವಾಡಿ ಅದನ್ನು ನಿಲ್ಲಿಸಿದರು. ಊಟ ಸುಧಾರಿಸುವವರೆಗೆ ಪಟ್ಟುಬಿಡಲಿಲ್ಲ. ಹಾಡು ಕಲಿಸಿದರು, ನಾಟಕ ಆಡಿಸಿದರು. ಇದನ್ನೆಲ್ಲ ಮಾಡುತ್ತ ದಿನಚರಿಯನ್ನೂ ಬರೆದಿಟ್ಟರು. ತಮ್ಮ ನೋವಿಗಿಂತ ಪಕ್ಕದವರ ನೋವು ಅದರಲ್ಲಿ ಕಡಿಮೆಯೇನೂ ಕಾಣದು. ತಮ್ಮ ಹಕ್ಕನ್ನೇ ಕಳೆದುಕೊಂಡಿದ್ದ ಹೆಂಗಸು, ಹಕ್ಕು ಎಂಬುದೊಂದು ಇದೆಯೆಂದೇ ಅರಿಯದವರ ಪರವಾಗಿ ವಾದಿಸುತ್ತಿದ್ದರು.

'ಸಂಸ್ಕಾರ'ವನ್ನು ಬಲ್ಲವರಿಗೆ ಇಲ್ಲಿ ಚಂದ್ರಿ ನೆನಪಾಗದಿರಳು. ನಾರಣಪ್ಪನ ಹೆಣ ಮನೆಯಲ್ಲಿ ಕೊಳೆಯುತ್ತಿರುವಾಗ ಅಗ್ರಹಾರ ಶಾಸ್ತ್ರ ತಿರುವಿಹಾಕುತ್ತಿರುತ್ತದೆ. ಕೊನೆಗೆ ಶವಕ್ಕೆ ಬೆಂಕಿಯಿಡಿಸುವವಳು ಶಾಸ್ತ್ರ ಹೊರಗಿಟ್ಟ ಚಂದ್ರಿಯೇ. ದೆಹಲಿಯಲ್ಲಿ ಸಂವಿಧಾನದ ವಿಧಿಗಳ ವ್ಯಾಖ್ಯಾನ ನಡೆಯುತ್ತಿದ್ದಾಗ ಸೆರೆಮನೆಗಳಲ್ಲಿ ಮನುಷ್ಯರಿದ್ದರು.

ತುರ್ತು ಪರಿಸ್ಥಿತಿಯ ಬಿಸಿ ದೇವರಾಜ ಅರಸರ ಕರ್ನಾಟಕಕ್ಕೆ ಅಷ್ಟಾಗಿ ತಟ್ಟಲಿಲ್ಲ ಎಂಬ ಮಾತನ್ನು ನಾವು ಬಹಳ ಕಾಲದಿಂದ ಕೇಳುತ್ತ ಬಂದಿದ್ದೇವೆ. ಉತ್ತರದ ರಾಜ್ಯಗಳಿಗೆ ಹೋಲಿಸಿದರೆ ಅದರಲ್ಲಿ ಸತ್ಯಾಂಶವಿದ್ದೀತು. ಕಚೇರಿಗಳು ಸರಿಯಾದ ಹೊತ್ತಿಗೆ ತೆರೆಯುತ್ತಿವೆ, ರೈಲುಗಳು ವೇಳೆಗೆ ಬರುತ್ತಿವೆ ಎಂದು ಸಮಾಧಾನಪಟ್ಟ ವಿದ್ಯಾವಂತರು ನಮ್ಮ ನಗರದಲ್ಲೂ ಕಡಿಮೆಯಿರಲಿಲ್ಲ. ಆದರೆ ನಿಲ್ದಾಣಕ್ಕೆ ಕೂಗಳತೆಯಲ್ಲಿದ್ದ ಸೆರೆಮನೆಯಲ್ಲಿ ಉಬ್ಬಸದಿಂದ ನರಳುತ್ತಿದ್ದ ಹೆಂಗಸನ್ನು ತಿಂಗಳುಗಟ್ಟಲೆ ಕೂಡಿಹಾಕಿದ್ದೂ ಇದೇ ಕರ್ನಾಟಕದಲ್ಲಿ.

ಆರೋಗ್ಯ ಪೂರ್ತಿ ಕೈಮೀರಿದ ಮೇಲೆ, 1977ರ ಜನವರಿ 15ರಂದು ಅವರನ್ನು ಪೆರೋಲಿನ ಮೇಲೆ ಬಿಟ್ಟರು. ಬಿಡುಗಡೆಯಲ್ಲ, ಪೆರೋಲು. ಜನವರಿ 18ರಂದು ಇಂದಿರಾ ಗಾಂಧಿ ಲೋಕಸಭೆಗೆ ಚುನಾವಣೆ ಘೋಷಿಸಿದರು. 20ರಂದು ಸ್ನೇಹಲತಾ ತೀರಿಕೊಂಡರು. ಅದೇ ತಿಂಗಳು ಸೇವಾಹಿರಿತನದಲ್ಲಿ ಮುಂದಿದ್ದ ಖನ್ನಾ ಅವರನ್ನು ಬದಿಗೊತ್ತಿ ಎಂ.ಎಚ್. ಬೇಗ್ ಅವರನ್ನು ಮುಖ್ಯ ನ್ಯಾಯಮೂರ್ತಿಯಾಗಿ ನೇಮಿಸಲಾಯಿತು, ಖನ್ನಾ ರಾಜೀನಾಮೆಯಿತ್ತರು.

ಮುಂದಿನದು ಬೇಗ ನಡೆಯಿತು. ಮಾರ್ಚ್ ಚುನಾವಣೆಯಲ್ಲಿ ಜನತಾ ಪಕ್ಷ ಗೆದ್ದಿತು, ಜಾರ್ಜ್ ಜೈಲಿನಿಂದಲೇ ಸ್ಪರ್ಧಿಸಿ ಮುಜಫ್ಫರಪುರದಲ್ಲಿ ಜಯಗಳಿಸಿದರು, ಡೈನಮೈಟ್ ಮೊಕದ್ದಮೆ ಹಿಂದೆಗೆಯಲಾಯಿತು. ಮೀಸಾ ರದ್ದಾಯಿತು. 1978ರ 44ನೇ ತಿದ್ದುಪಡಿ, ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ ಹಕ್ಕನ್ನು ತುರ್ತು ಪರಿಸ್ಥಿತಿಯಲ್ಲೂ ಅಮಾನತಿನಲ್ಲಿಡುವಂತಿಲ್ಲ ಎಂದು ವಿಧಿಸಿತು. ಜಬಲ್ಪುರ ತೀರ್ಪನ್ನು ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ತಳ್ಳಿಹಾಕಿದ್ದು 2017ರಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಖಾಸಗಿತನದ ಮೊಕದ್ದಮೆಯಲ್ಲಿ. ತಪ್ಪೊಪ್ಪಿಗೆಗೆ ನಲವತ್ತೊಂದು ವರ್ಷ ಬೇಕಾಯಿತು. ಈ ನಡುವೆ, ಮೀಸಾ ಹೋಗಿ ಮೂರು ವರ್ಷ ತುಂಬುವ ಮೊದಲೇ, 1980ರಲ್ಲಿ ರಾಷ್ಟ್ರೀಯ ಭದ್ರತಾ ಕಾಯ್ದೆ ಬಂದಿತ್ತು. ವಿಚಾರಣೆಯಿಲ್ಲದೆ ಹನ್ನೆರಡು ತಿಂಗಳವರೆಗೆ ಸೆರೆಯಲ್ಲಿಡಲು ಅದು ಅವಕಾಶ ಕೊಡುತ್ತದೆ.

ಸ್ನೇಹಲತಾ ಅವರ ದಿನಚರಿಯನ್ನು ಮಾನವ ಹಕ್ಕುಗಳ ಸಮಿತಿ 1977ರಲ್ಲಿ ಪ್ರಕಟಿಸಿತು. ಪಟ್ಟಾಭಿಯವರು 2006ರವರೆಗೆ ಬದುಕಿದ್ದರು. ಕೇಂದ್ರ ಕಾರಾಗೃಹ ಪರಪ್ಪನ ಅಗ್ರಹಾರಕ್ಕೆ ಸ್ಥಳಾಂತರಗೊಂಡ ಮೇಲೆ ಹಳೆಯ ಜಾಗ ಫ್ರೀಡಂ ಪಾರ್ಕ್ ಆಗಿದೆ. ನಗರದಲ್ಲಿ ಧರಣಿ, ಪ್ರತಿಭಟನೆಗಳಿಗೆ ಗೊತ್ತುಪಡಿಸಿದ ಸ್ಥಳವೂ ಅದೇ. ಅಲ್ಲಿ ಕೂರಲು ಪೊಲೀಸರ ಅನುಮತಿ ಬೇಕು.