ಎಡ್ವರ್ಡ್ ಹ್ಯಾಮಿಲ್ಟನ್ ಏಟ್ಕಿನ್

ಎಡ್ವರ್ಡ್ ಹ್ಯಾಮಿಲ್ಟನ್ ಏಟ್ಕಿನ್ (೧೮೫೧–೧೯೦೯) ಬ್ರಿಟಿಷ್ ಆಳ್ವಿಕೆಯ ಕಾಲದ ಪ್ರಕೃತಿ ಅಧ್ಯಯನಕಾರರು ಮತ್ತು ಹಾಸ್ಯ ಲೇಖಕರು. ಹೆಸರಿನ ಮೊದಲಕ್ಷರಗಳಾದ 'ಇ.ಎಚ್.ಎ.' ಎಂಬ ಅಂಕಿತದಿಂದ ಪ್ರಸಿದ್ಧರಾಗಿದ್ದರು. ಉತ್ತರ ಕನ್ನಡದ ಕಾಡುಗಳಲ್ಲಿನ ಜೀವಿಗಳ ಕುರಿತ ಅವರ ಅಧ್ಯಯನ ಮುಖ್ಯವಾದುದು.

ಆರಂಭಿಕ ಜೀವನ

ಏಟ್ಕಿನ್ ಸಾತಾರಾದಲ್ಲಿ ಜನಿಸಿದರು. ತಂದೆ ಸ್ಕಾಟ್ಲೆಂಡಿನ ಕ್ರೈಸ್ತ ಮಿಷನರಿ. ಮುಂಬಯಿ ಮತ್ತು ಪುಣೆಗಳಲ್ಲಿ ಓದಿ, ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಲ್ಯಾಟಿನ್ ಬೋಧಿಸಿದರು. ೧೮೭೬ರಲ್ಲಿ ಮುಂಬಯಿ ಸರ್ಕಾರದ ಸುಂಕ ಮತ್ತು ಉಪ್ಪಿನ ಇಲಾಖೆಯನ್ನು ಸೇರಿದರು. ೧೮೮೩ರಲ್ಲಿ ಸ್ಥಾಪನೆಯಾದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸ್ಥಾಪಕರಲ್ಲಿ ಅವರೂ ಒಬ್ಬರು. ಅದರ ಪತ್ರಿಕೆಯನ್ನು ಆರಂಭದಲ್ಲಿ ಆರ್. ಎ. ಸ್ಟರ್ನ್‌ಡೇಲ್ ಅವರೊಡನೆ ಸಂಪಾದಿಸಿದರು.

ಉತ್ತರ ಕನ್ನಡದಲ್ಲಿ

ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಉತ್ತರ ಕನ್ನಡ ಜಿಲ್ಲೆ ಹಾಗೂ ಗೋವಾ ಗಡಿಯಲ್ಲಿ ಏಟ್ಕಿನ್ ಸೇವೆ ಸಲ್ಲಿಸಿದರು. ಅಲ್ಲಿ ಕಲೆಕ್ಟರ್ ಜೇಮ್ಸ್ ಡೇವಿಡ್‌ಸನ್ ಮತ್ತು ಅರಣ್ಯಾಧಿಕಾರಿ ಟಿ. ಆರ್. ಬೆಲ್ ಅವರ ಜೊತೆಗಾರರಾದರು. ಡೇವಿಡ್‌ಸನ್ ಜಿಲ್ಲೆಯ ಹಕ್ಕಿಗಳನ್ನೂ ಅವುಗಳ ಗೂಡು, ಮೊಟ್ಟೆಗಳನ್ನೂ ದಾಖಲಿಸಿದರು. ಮೂವರೂ ಸೇರಿ ಜಿಲ್ಲೆಯ ಚಿಟ್ಟೆಗಳನ್ನು ಕುರಿತು ಬರೆದರು.

ಈ ಕಾಡುಗಳಲ್ಲಿ ಗೂಡುಗಳು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಸರಳೆ ಸಿಳ್ಳಾರ ತೊರೆಯಂಚಿನ ಬಂಡೆಯ ಸಂದಿಯಲ್ಲಿ ಗೂಡು ಕಟ್ಟುತ್ತದೆ. ಜೇಡರ ಬಲೆ, ನಾರು, ತೊಗಟೆಗಳಿಂದಾದ ಸೂರಕ್ಕಿಯ ಗೂಡು ತೂಗುವ ಕಸದಂತೆ ಕಾಣುತ್ತದೆ. ಪೊದೆಗಳನ್ನು ಕೆದಕುವುದಕ್ಕಿಂತ, ನಾರನ್ನೋ ಆಹಾರವನ್ನೋ ಕಚ್ಚಿಕೊಂಡು ಹೋಗುವ ಹಕ್ಕಿಯನ್ನು ತಾಳ್ಮೆಯಿಂದ ಗಮನಿಸುವುದೇ ಗೂಡು ಪತ್ತೆಮಾಡುವ ದಾರಿ. ಚಿಟ್ಟೆಯ ಮರಿಹುಳುಗಳನ್ನು ಹುಡುಕಲು ಅವು ತಿನ್ನುವ ಗಿಡವನ್ನು ಅರಿತಿರಬೇಕು. ಸತ್ತ ಮಾದರಿಗಳ ಸಂಗ್ರಹವೇ ಪ್ರಧಾನವಾಗಿದ್ದ ಕಾಲದಲ್ಲಿ ಏಟ್ಕಿನ್ ಜೀವಂತ ಪ್ರಾಣಿಗಳ ನಡವಳಿಕೆಗೆ ಒತ್ತು ನೀಡಿದರು.

ಮಲೇರಿಯಾ ತನಿಖೆ

ಮಲೇರಿಯಾ ಹರಡಲು ಸೊಳ್ಳೆ ಕಾರಣವೆಂಬುದಕ್ಕೆ ರೊನಾಲ್ಡ್ ರಾಸ್ ೧೮೯೭ರಲ್ಲಿ ಸಿಕಂದರಾಬಾದಿನಲ್ಲಿ ಮುಖ್ಯ ಸಾಕ್ಷ್ಯ ಕಂಡುಕೊಂಡಿದ್ದರು. ೧೯೦೨ರಲ್ಲಿ ಗೋವಾ ಗಡಿಯ ಸುಂಕದ ಚೌಕಿಗಳಲ್ಲಿ ಮಲೇರಿಯಾದ ಹಾವಳಿಯನ್ನು ಪರಿಶೀಲಿಸಿ ಪರಿಹಾರ ಸೂಚಿಸಲು ಸರ್ಕಾರ ಏಟ್ಕಿನ್ ಅವರನ್ನು ನಿಯೋಜಿಸಿತು. ಹವ್ಯಾಸದಿಂದ ಬಂದ ಶೋಧನೆಯ ಅಭ್ಯಾಸ ಇಲ್ಲಿ ಚೌಕಿ ಸಿಬ್ಬಂದಿಯ ಆರೋಗ್ಯದ ಕೆಲಸಕ್ಕೆ ನೆರವಾಯಿತು. ಆಗ ಅವರಿಗೆ ದೊರೆತ ಹೊಸ ಸೊಳ್ಳೆಗೆ ಅನಾಫಿಲಿಸ್ ಏಟ್ಕಿನಿ ಎಂದು ಹೆಸರಿಡಲಾಯಿತು. ನೆರಳಿನ ಕಾಡುತೊರೆಗಳಲ್ಲಿ ಬೆಳೆಯುವ ಈ ಜಾತಿ ಮಲೇರಿಯಾದ ಪ್ರಮುಖ ವಾಹಕವಲ್ಲ.

ಕೊನೆಯ ದಿನಗಳು ಮತ್ತು ಕೃತಿಗಳು

ಮುಂದೆ ಕರಾಚಿಯಲ್ಲಿ ಸೇವೆ ಸಲ್ಲಿಸಿ, ಸಿಂಧ್ ಪ್ರಾಂತ್ಯದ ಗೆಜೆಟಿಯರ್ ಸಿದ್ಧಪಡಿಸಿದರು. ೧೯೦೬ರಲ್ಲಿ ನಿವೃತ್ತರಾಗಿ, ೧೯೦೯ರಲ್ಲಿ ಎಡಿನ್‌ಬರೋದಲ್ಲಿ ನಿಧನರಾದರು. 'ದಿ ಟ್ರೈಬ್ಸ್ ಆನ್ ಮೈ ಫ್ರಾಂಟಿಯರ್' (೧೮೮೩), 'ಬಿಹೈಂಡ್ ದಿ ಬಂಗಲೋ' (೧೮೮೯), 'ಎ ನ್ಯಾಚುರಲಿಸ್ಟ್ ಆನ್ ದಿ ಪ್ರೌಲ್' (೧೮೯೪) ಮತ್ತು 'ದಿ ಕಾಮನ್ ಬರ್ಡ್ಸ್ ಆಫ್ ಬಾಂಬೆ' (೧೯೦೦) ಅವರ ಮುಖ್ಯ ಕೃತಿಗಳು.