ಚೊಂಬಿನ ತಾಮ್ರಕ್ಕೆ ಆ ಗುಣವಿಲ್ಲ: ಸೂಪರ್‌ಕಂಡಕ್ಟರ್ ಕಂಡುಹಿಡಿದ ಓನೆಸ್ ಕಥೆ

ಚಿಕ್ಕೋಡಿ, ರಾಯಬಾಗ, ಅಥಣಿ ಕಡೆ ಆಕಳು, ಎಮ್ಮೆಗೆ ಕೃತಕ ಗರ್ಭಧಾರಣೆ ಮಾಡಿಸಿದವರು ಬಿಳಿ ಹೊಗೆಯಾಡುವ ಕ್ಯಾನ್ ನೋಡಿರುತ್ತೀರಿ. ಅದರೊಳಗಿರುವುದು ದ್ರವ ಸಾರಜನಕ. ಮೈನಸ್ 196 ಡಿಗ್ರಿ ಸೆಲ್ಸಿಯಸ್! ಅದಕ್ಕಿಂತಲೂ ತಣ್ಣಗಿನ ಲೋಕಕ್ಕೆ ದಾರಿ ಮಾಡಿದವರು ನೆದರ್ಲೆಂಡ್ಸ್‌ನ ಹೈಕೆ ಕಾಮರ್ಲಿಂಗ್ ಓನೆಸ್.

1853ರ ಸೆಪ್ಟೆಂಬರ್ 21ರಂದು ಗ್ರೋನಿಂಗನ್‌ನಲ್ಲಿ ಹುಟ್ಟಿದ ಅವರ ತಂದೆಗೆ ಹೆಂಚಿನ ಕಾರ್ಖಾನೆಯಿತ್ತು. 29ನೇ ವಯಸ್ಸಿಗೆ ಓನೆಸ್ ಲೈಡನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ಅಲ್ಲಿ 1807ರಲ್ಲಿ ಮದ್ದು ತುಂಬಿದ ಹಡಗು ಸ್ಫೋಟಿಸಿ ಊರಿನ ಒಂದು ಭಾಗವೇ ನೆಲಸಮವಾಗಿತ್ತು. ಅದೇ ಜಾಗದಲ್ಲಿತ್ತು ಇವರ ಪ್ರಯೋಗಾಲಯ. ಅಲ್ಲಿ ಒತ್ತಡದ ಅನಿಲ ತುಂಬಿದ ಸಿಲಿಂಡರ್‌ಗಳಿವೆ ಎಂದು ಗೊತ್ತಾದಾಗ ಊರವರು ಹೆದರಿದರು. ತಜ್ಞರ ತಪಾಸಣೆ ಮುಗಿದು ಅನುಮತಿ ಸಿಗುವವರೆಗೆ, ಸುಮಾರು ಮೂರು ವರ್ಷ, ಕೆಲಸ ನಿಂತಿತು. ವಾಟ್ಸಾಪ್ ಇಲ್ಲದ ಕಾಲದಲ್ಲೂ ಭಯ ವೇಗವಾಗಿಯೇ ಹರಡುತ್ತಿತ್ತು!

ಗಾಜು ಊದುವ, ಯಂತ್ರ ಕಟ್ಟುವ ಹುಡುಗರಿಗಾಗಿ ಓನೆಸ್ ಶಾಲೆಯನ್ನೇ ತೆರೆದರು. 1908ರ ಜುಲೈ 10ರಂದು ಹೀಲಿಯಂ ಮೊದಲ ಬಾರಿಗೆ ದ್ರವವಾಯಿತು. ಸಿಕ್ಕಿದ್ದು ಸುಮಾರು 60 ಮಿಲಿಲೀಟರ್, ಅಂದರೆ ಒಂದು ಕಟಿಂಗ್ ಚಹಾದಷ್ಟು.

1911ರ ಏಪ್ರಿಲ್‌ನಲ್ಲಿ ಅದರಲ್ಲಿ ಪಾದರಸವನ್ನು ತಣಿಸಿದಾಗ, ಮೈನಸ್ 269 ಡಿಗ್ರಿ ಸುಮಾರಿಗೆ ವಿದ್ಯುತ್ ಪ್ರತಿರೋಧ ಏಕಾಏಕಿ ಮಾಯವಾಯಿತು. ಇದೇ ಸೂಪರ್‌ಕಂಡಕ್ಟಿವಿಟಿ. ಅಳತೆಯಲ್ಲಿ ಜೊತೆಗಿದ್ದ ಗಿಲ್ಲೆಸ್ ಹೋಲ್ಸ್ಟ್ ಅವರನ್ನು ಪ್ರಬಂಧದ ಲೇಖಕರಾಗಿ ಸೇರಿಸಲಿಲ್ಲ. ಅದು ನ್ಯಾಯವಲ್ಲ ಎಂದೇ ಹೇಳಬೇಕು. 1913ರ ನೊಬೆಲ್ ಬಂದಿದ್ದು ಓನೆಸ್‌ಗೆ ಮಾತ್ರ.

ಈ ಗುಣದಿಂದ ಭಾರೀ ಅಯಸ್ಕಾಂತ ಮಾಡುವ ಆಸೆ ಅವರಿಗಿತ್ತು. ಆದರೆ ವಿದ್ಯುತ್ ಅಥವಾ ಕಾಂತಕ್ಷೇತ್ರ ಹೆಚ್ಚಾದರೆ ಗುಣವೇ ಹೋಗಿಬಿಡುತ್ತಿತ್ತು. 1926ರ ಫೆಬ್ರವರಿ 21ರಂದು ತೀರಿಕೊಂಡಾಗಲೂ ಆ ಆಸೆ ಕೈಗೂಡಿರಲಿಲ್ಲ. ಇಂದು ಎಂಆರ್‌ಐ ಯಂತ್ರದಲ್ಲಿರುವುದು ಅಂಥದೇ ಅಯಸ್ಕಾಂತ.

ಹಾಗಾದರೆ ತಾಮ್ರ ಎಲ್ಲಿ ಬಂತು? 1986ರಲ್ಲಿ ಜ್ಯೂರಿಕ್ ಬಳಿ ಬೆಡ್ನೋರ್ಝ್ ಮತ್ತು ಮ್ಯುಲ್ಲರ್, ತಾಮ್ರ-ಆಮ್ಲಜನಕದ ಪದರಗಳಿರುವ ವಸ್ತುವಿನಲ್ಲಿ ಈ ಗುಣ ಕಂಡರು. ಮರುವರ್ಷ ಯಿಟ್ರಿಯಂ, ಬೇರಿಯಂ ಸೇರಿದ ಇಂಥದೇ ವಸ್ತು ಮೈನಸ್ 180 ಡಿಗ್ರಿಯಲ್ಲೇ ಸೂಪರ್‌ಕಂಡಕ್ಟರ್ ಆಯಿತು. ಬೆಂಗಳೂರಿನ ಐಐಎಸ್‌ಸಿಯಲ್ಲಿ ಸಿ.ಎನ್.ಆರ್. ರಾವ್ ತಂಡವೂ ಆಗ ಇದರ ಮೇಲೆ ಕೆಲಸ ಮಾಡಿತು. ಇದಕ್ಕೆ ದುಬಾರಿ ಹೀಲಿಯಂ ಬೇಕಿಲ್ಲ, ಪಶು ಆಸ್ಪತ್ರೆ ಕ್ಯಾನಿನ ಸಾರಜನಕವೇ ಸಾಕು. ಪದರದ ಉದ್ದಕ್ಕೆ ವಿದ್ಯುತ್ ಸರಾಗ, ಪದರದಿಂದ ಪದರಕ್ಕೆ ಕಷ್ಟ. ಜೊತೆಗೆ ಹೆಂಚಿನಂತೆ ಒಡೆಯುವ ಸ್ವಭಾವ. ಹೆಂಚಿನವರ ಮಗನಿಗೆ ಇದು ಇಷ್ಟವಾಗುತ್ತಿತ್ತೇನೋ!

ಬರಿಯ ತಾಮ್ರದಲ್ಲಿ, ಎಷ್ಟು ತಣಿಸಿದರೂ, ಈ ಗುಣ ಈವರೆಗೆ ಕಂಡಿಲ್ಲ. 2023ರಲ್ಲಿ ಎಲ್ಲೆಡೆ ಹರಿದಾಡಿದ ಎಲ್‌ಕೆ-99 ಎಂಬ ತಾಮ್ರ ಬೆರೆತ ವಸ್ತು ಕೋಣೆಯ ಉಷ್ಣತೆಯಲ್ಲೇ ಸೂಪರ್‌ಕಂಡಕ್ಟರ್ ಎಂಬ ಸುದ್ದಿಯೂ ಬೇರೆ ಪ್ರಯೋಗಾಲಯಗಳ ಪರೀಕ್ಷೆಯಲ್ಲಿ ನಿಲ್ಲಲಿಲ್ಲ.